ಹೆಸರುಕಾಳಿಗೆ ಉಪ್ಪು ನೀರು: ಒಂಬತ್ತನೇ ಕ್ಲಾಸಿನಲ್ಲಿ ನಾವು ಮಾಡಿದ ಪ್ರಯೋಗ

ನಾನು ಸಿಂಧನೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕಡೆ. ವರ್ಷವರ್ಷವೂ ಭತ್ತಕ್ಕೆ ನೀರು ನಿಲ್ಲಿಸಿ, ಆ ನೀರು ಬಸಿದು ಹೋಗಲು ದಾರಿಯಿಲ್ಲದೆ, ನೆಲದೊಳಗಿನ ನೀರು ಮೇಲೇರಿ, ಬಿಸಿಲಿಗೆ ಆರಿ, ಉಪ್ಪು ಮಾತ್ರ ಮೇಲೆ ಉಳಿದು ಎಷ್ಟೋ ಹೊಲ ಸವಳಾಗಿವೆ. ಹಾಗಾಗಿ ಉಪ್ಪು ಮೊಳಕೆಗೆ ಏನು ಮಾಡುತ್ತದೆ ಅನ್ನೋ ಪ್ರಶ್ನೆಯನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಹೆಸರುಕಾಳು ಆರಿಸಿದೆವು. ಅಗ್ಗ, ಬೇಗ ಮೊಳೆಯುತ್ತದೆ. ಲೀಟರಿಗೆ 0, 5, 10, 20 ಗ್ರಾಂ ಉಪ್ಪು. ಒಂದೊಂದಕ್ಕೂ ನಾಲ್ಕು ಡಬ್ಬಿ, ಡಬ್ಬಿಗೆ 25 ಕಾಳು. ನೀರು ಎಲ್ಲಕ್ಕೂ ಊರಿನ ಶುದ್ಧ ನೀರಿನ ಘಟಕದ್ದೇ, ಯಾಕೆಂದರೆ ಬೋರ್ ನೀರಿನಲ್ಲಿ ಮೊದಲೇ ಉಪ್ಪು ಇರುತ್ತದೆ, ಅದನ್ನು ಬಳಸಿದರೆ ನಮ್ಮ ಸೊನ್ನೆ ಸೊನ್ನೆ ಆಗಿರೋದಿಲ್ಲ.

ಕಾಳು ನೆನೆ ಹಾಕೋಕೆ ಮುಂಚೆ ಪೂರ್ತಿ ಒಂದು ಪೀರಿಯಡ್ ಸುಮ್ನೆ ವಾದ ಮಾಡಿದೆವು. ನನ್ನ ಮಟ್ಟಿಗೆ ಪ್ರಯೋಗದ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮೊಳಕೆ ಬಂತು ಅಂತ ಯಾವಾಗ ಹೇಳಬೇಕು? ಸಿಪ್ಪೆ ಬಿರಿದರೆ ಸಾಕಾ, ಬೇರು ಕಾಣಬೇಕಾ? ಬೇರು 2 ಮಿಲಿಮೀಟರ್ ಹೊರಗೆ ಬಂದಿರಬೇಕು ಅಂತ ತೀರ್ಮಾನಿಸಿ ಬೋರ್ಡಿನ ಮೇಲೆ ಬರೆದೆವು, ಆಮೇಲೆ ಬದಲಾಯಿಸೋ ಹಾಗಿಲ್ಲ. ಕಿಟಕಿ ಪಕ್ಕದ ಡಬ್ಬಿ ಬೆಚ್ಚಗಿರುತ್ತದಲ್ವಾ, ಅದಕ್ಕೆ ಯಾವ ಡಬ್ಬಿ ಎಲ್ಲಿ ಅಂತ ಚೀಟಿ ಎತ್ತಿದೆವು. ಎಣಿಸೋ ಮಕ್ಕಳಿಗೆ ಯಾವುದರಲ್ಲಿ ಎಷ್ಟು ಉಪ್ಪು ಅಂತ ಗೊತ್ತಿರಲಿಲ್ಲ, ಡಬ್ಬಿ ಮೇಲೆ ಬರೀ ನಂಬರ್. ಉಪ್ಪು ಜಾಸ್ತಿ ಅಂತ ಗೊತ್ತಿದ್ದರೆ 2 ಮಿಲಿಮೀಟರ್ ಕೂಡ ಒಂದೂವರೆ ಥರ ಕಾಣುತ್ತದೆ.

ಮುಚ್ಚಳದ ವಿಷಯ ಜನ ಸಾಮಾನ್ಯವಾಗಿ ಮರೆಯುತ್ತಾರೆ. ಡಬ್ಬಿ ತೆರೆದಿಟ್ಟರೆ ನೀರು ಆರುತ್ತದೆ, ಉಪ್ಪು ಆರೋದಿಲ್ಲ. ನಮ್ಮ ಬಿಸಿಲಿಗೆ 10 ಗ್ರಾಂ ಇದ್ದದ್ದು ಸಂಜೆಗೆ ಇನ್ನೂ ಗಟ್ಟಿಯಾಗಿರುತ್ತದೆ. ಅದರ ಮೇಲೆ ಮತ್ತೆ ಉಪ್ಪು ನೀರನ್ನೇ ಹಾಕಿದರೆ ಕೇಳೋದೇ ಬೇಡ. ನಾವು ಮುಚ್ಚಿಟ್ಟು ದಿನಾ ತೂಕ ನೋಡಿ, ಕಡಿಮೆಯಾದಷ್ಟು ಬರೀ ನೀರು ತುಂಬಿದೆವು. ಹೊಲದಲ್ಲಿ ಸವಳು ಏಳೋದೂ ಹೀಗೇ ಅಂತ ಹಿಂದಿನ ಬೆಂಚಿನ ಒಬ್ಬ ಹುಡುಗ ತಾನಾಗಿಯೇ ಹೇಳಿದ.

20 ಗ್ರಾಮಿನಲ್ಲಿ ಹೆಚ್ಚುಕಡಿಮೆ ಏನೂ ಬರಲಿಲ್ಲ. 10ರಲ್ಲಿ ತಡವಾಗಿ ಬಂದವು. ಪೇಚಾಟ ಇದ್ದದ್ದು 5 ಗ್ರಾಮಿನಲ್ಲಿ: ಮೊಳಕೆಯ ಎಣಿಕೆ ಬರೀ ನೀರಿಗೆ ಹತ್ತಿರ, ಬೇರು ಮಾತ್ರ ಗಿಡ್ಡ. ಈ ವ್ಯತ್ಯಾಸ ನಿಜವಾ? "ನೂರು ಕಾಳು ಇದಾವಲ್ರಿ ಸರ್, ಸಾಕಲ್ಲ" ಅಂದರು. ಆದರೆ ಒಂದು ಡಬ್ಬಿಯ 25 ಕಾಳಿಗೂ ಒಂದೇ ನೀರು, ಒಂದೇ ಜಾಗ. ಆ ಡಬ್ಬಿಗೆ ಏನಾದರೂ ಆದರೆ ಎಲ್ಲಕ್ಕೂ ಆಗುತ್ತದೆ. ಆದ್ದರಿಂದ ನಮ್ಮ ಲೆಕ್ಕ ನಾಲ್ಕು ಡಬ್ಬಿ, ನೂರು ಕಾಳಲ್ಲ. ಇದನ್ನು ಒಪ್ಪಿಸೋಕೆ ಸಾಕಷ್ಟು ಹೊತ್ತು ಹಿಡಿಯಿತು, ಹಿಡಿಯಲೇಬೇಕು.

ಬರೀ ನೀರಿನ ನಾಲ್ಕು ಡಬ್ಬಿ, 5 ಗ್ರಾಮಿನ ನಾಲ್ಕು ಡಬ್ಬಿ: ಬೇರಿನ ಸರಾಸರಿ ಉದ್ದವನ್ನು ಡಬ್ಬಿಗೊಂದರಂತೆ ಎಂಟು ಚೀಟಿಯಲ್ಲಿ ಬರೆದೆವು. ಕಲಸಿ ನಾಲ್ಕು ನಾಲ್ಕಾಗಿ ಹಂಚಿದರೆ ಒಟ್ಟು 70 ರೀತಿಯಲ್ಲಿ ಹಂಚಬಹುದು. ಬರೀ ನೀರಿನ ನಾಲ್ಕೂ ಮೇಲೆ, ಉಪ್ಪಿನ ನಾಲ್ಕೂ ಕೆಳಗೆ ಬರೋದು ಅದರಲ್ಲಿ ಒಂದೇ ಒಂದು. ನಮಗೆ ಬಂದದ್ದು ಅದೇ. ಉಪ್ಪಿನಿಂದ ಏನೂ ಆಗದಿದ್ದರೆ ಇದು ಬರೀ ಅದೃಷ್ಟದಿಂದ 70ರಲ್ಲಿ ಒಂದು ಸಲ ಮಾತ್ರ ಬರಬೇಕು, ಹಾಗಾಗಿ ಬೇರಿನ ವ್ಯತ್ಯಾಸ ನಿಜ ಅಂತ ನಂಬಬಹುದು. ಮೊಳಕೆಯ ಎಣಿಕೆಯ ಚೀಟಿಗಳಲ್ಲಿ ಮಾತ್ರ ಎರಡೂ ಗುಂಪು ಬೆರೆತಿದ್ದವು, ಅಲ್ಲಿ ಹಾಗೆ ಹೇಳೋಕಾಗಲ್ಲ. ಸೂತ್ರ ಬೇಡ, ಕಂಪ್ಯೂಟರ್ ಬೇಡ. ನಾಲ್ಕಕ್ಕೆ ಹಾಲು ಮೊದಲು, ನಾಲ್ಕಕ್ಕೆ ಚಹಾ ಮೊದಲು ಹಾಕಿದ ಎಂಟು ಕಪ್ ಇಟ್ಟು, ಯಾವುದು ಯಾವುದು ಅಂತ ರುಚಿ ನೋಡಿ ಹೇಳಿಸುವ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಷರ್ ಅವರ ಪ್ರಯೋಗದಲ್ಲೂ ಇದೇ 70 ಬರುತ್ತದೆ.

ಆಮೇಲೆ ಒಬ್ಬಳು ಕೇಳಿದ್ದು ನನಗೆ ತುಂಬಾ ಹಿಡಿಸಿತು: "20ರ ಕಾಳು ಸತ್ತಾವೇನ್ರಿ ಸರ್, ಇಲ್ಲ ಬರೇ ಮಲಗ್ಯಾವ್ರಿ?" ತೊಳೆದು ಬರೀ ನೀರಿಗೆ ಹಾಕಿದೆವು. ಬಹಳಷ್ಟು ಮೊಳೆತವು. ಅಂದರೆ ಆ ಕಾಳುಗಳನ್ನು ಉಪ್ಪು ಕೊಂದಿರಲಿಲ್ಲ, ಅವಕ್ಕೆ ನೀರು ಎಳೆದುಕೊಳ್ಳೋಕೆ ಬಿಟ್ಟಿರಲಿಲ್ಲ ಅಂತ ಕಾಣುತ್ತದೆ. ಹಾಗಾದರೆ ಸಕ್ಕರೆ ನೀರೂ ಅದನ್ನೇ ಮಾಡಬೇಕಲ್ವಾ? ಆದರೆ ಗ್ರಾಮಿಗೆ ಗ್ರಾಂ ಹಾಕಿದರೆ ಆಗೋದಿಲ್ಲ, ಇಲ್ಲಿ ಲೆಕ್ಕಕ್ಕೆ ಬರೋದು ತೂಕವಲ್ಲ, ನೀರಿನಲ್ಲಿರುವ ಕಣಗಳ ಸಂಖ್ಯೆ. ಉಪ್ಪು ನೀರಿನಲ್ಲಿ ಎರಡು ತುಂಡಾಗುತ್ತದೆ, ಸಕ್ಕರೆಯ ಅಣುವೂ ದೊಡ್ಡದು. ಲೀಟರಿಗೆ 10 ಗ್ರಾಂ ಉಪ್ಪಿಗೆ ಸಮ ಆಗೋಕೆ 110 ಗ್ರಾಂ ಆಸುಪಾಸು ಸಕ್ಕರೆ ಬೇಕು. ಸಕ್ಕರೆಗೆ ಬೂಸ್ಟು ಬೇಗ ಹಿಡಿಯುತ್ತದೆ, ಹಾಗಾಗಿ ಆ ಡಬ್ಬಿಗಳನ್ನು ಕುದಿಯುವ ನೀರಿನಲ್ಲಿ ತೊಳೆದು, ದ್ರಾವಣ ದಿನಾ ಬದಲಾಯಿಸಿ ಮಾಡೋದು ಅಂತ ಮಕ್ಕಳೇ ಮುಂದಿನ ಪ್ರಯೋಗಕ್ಕೆ ಬರೆದಿಟ್ಟಿದ್ದಾರೆ.