ಮೊದಲು ಗೆರೆ, ಆಮೇಲೆ ಹೆಸರು

ಹೈಸ್ಕೂಲ್ ಮಕ್ಕಳಿಗೆ ಕಣಭೌತಶಾಸ್ತ್ರ ಹೇಳಿಕೊಡುವಾಗ ಸ್ಟ್ಯಾಂಡರ್ಡ್ ಮಾಡೆಲ್‌ನ ಕೋಷ್ಟಕವನ್ನು, ಅಂದರೆ ಮೂಲಕಣಗಳ ಪಟ್ಟಿಯನ್ನು, ನಾನು ಕೊನೆಗೆ ತೆಗೆಯುತ್ತೇನೆ. ಆರು ಕ್ವಾರ್ಕ್, ಆರು ಲೆಪ್ಟಾನ್ ಎಂದು ಶುರು ಮಾಡಿದರೆ ಮಕ್ಕಳು ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ, ಪ್ರಶ್ನೆ ಹುಟ್ಟುವುದಿಲ್ಲ. ನನ್ನ ಶಿಬಿರ ಶುರುವಾಗುವುದು ಕ್ಲೌಡ್ ಚೇಂಬರ್‌ನಿಂದ, ಅಂದರೆ ಕಣ ಹಾದುಹೋದ ದಾರಿ ಆವಿಯಲ್ಲಿ ಬಿಳಿ ಗೆರೆಯಾಗಿ ಕಾಣುವ ಡಬ್ಬಿಯಿಂದ. ಅದನ್ನೂ ಮೊದಲು ಶಿಕ್ಷಕರ ಕೈಯಲ್ಲೇ ಕಟ್ಟಿಸುತ್ತೇನೆ. ತಾನೇ ಕಟ್ಟಿದ ಮೇಷ್ಟ್ರು ತರಗತಿಯಲ್ಲಿ ಅದನ್ನು ಮುಟ್ಟಲು ಹಿಂಜರಿಯುವುದಿಲ್ಲ.

ಬೇಕಾದ್ದು ಸ್ವಲ್ಪವೇ. ಪಾರದರ್ಶಕ ಡಬ್ಬಿ, ಒಳಗೆ ಮೇಲ್ಭಾಗಕ್ಕೆ ಅಂಟಿಸಿದ ಫೆಲ್ಟ್ ಬಟ್ಟೆ, ತಳಕ್ಕೆ ಕಪ್ಪು ಬಣ್ಣದ ಲೋಹದ ತಗಡು. ಫೆಲ್ಟ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹೀರಿಸಿ, ತಗಡಿನ ಕೆಳಗೆ ಡ್ರೈ ಐಸ್ (ಗಟ್ಟಿಯಾದ ಇಂಗಾಲದ ಡೈಆಕ್ಸೈಡ್) ಇಟ್ಟು, ಗಾಳಿಯಾಡದಂತೆ ಡಬ್ಬಿಯ ಅಂಚು ಮುಚ್ಚಬೇಕು. ಆಲ್ಕೋಹಾಲ್‌ನಲ್ಲಿ ನೀರು ಬೆರೆತಿರಬಾರದು, 99 ಶೇಕಡಾದ್ದೇ ಆಗಬೇಕು. ಡ್ರೈ ಐಸ್ ಮೈನಸ್ 78 ಡಿಗ್ರಿಯದು: ಕೈಗೆ ದಪ್ಪ ಗ್ಲೌಸ್, ತೆರೆದ ಕಿಟಕಿ, ಹತ್ತಿರದಲ್ಲಿ ಬೆಂಕಿ ಇಲ್ಲ. ಈ ಮೂರರಲ್ಲಿ ನಾನು ರಾಜಿಯಾಗುವುದಿಲ್ಲ.

ಕೋಣೆ ಕತ್ತಲು ಮಾಡಿ ಪಕ್ಕದಿಂದ ಟಾರ್ಚ್ ಬಿಟ್ಟು ಹತ್ತು ನಿಮಿಷ ಕಾಯಬೇಕು. ಮೊದಲು ಸಣ್ಣ ಮಳೆ ಹನಿದಂತೆ ಕಾಣುತ್ತದೆ. ಆಮೇಲೆ ತಗಡಿನ ಮೇಲೆ ಕೂದಲೆಳೆಯಷ್ಟು ಬಿಳಿ ಗೆರೆ ಮೂಡಿ, ಕರಗಿ ಹೋಗುತ್ತದೆ. ಆಗ ನಾನು ಹೆಸರು ಹೇಳುವುದಿಲ್ಲ, ಕಂಡದ್ದನ್ನು ಬಿಡಿಸಿ ಎನ್ನುತ್ತೇನೆ. ಮಕ್ಕಳೇ ವಿಂಗಡಿಸುತ್ತಾರೆ: ದಪ್ಪ ಮತ್ತು ಗಿಡ್ಡ, ತೆಳ್ಳಗೆ ನೆಟ್ಟಗೆ, ಅಂಕುಡೊಂಕು. ಆಮೇಲಷ್ಟೇ ದಪ್ಪದ್ದು ಗಾಳಿಯಲ್ಲಿರುವ ವಿಕಿರಣಶೀಲ ಅನಿಲ ರೇಡಾನ್‌ನ ಆಲ್ಫಾ ಕಣ, ನೆಟ್ಟಗಿನದು ಹೆಚ್ಚಾಗಿ ಎಲೆಕ್ಟ್ರಾನ್‌ನಂಥದೇ ಆದರೂ ಹೆಚ್ಚು ಭಾರದ ಮ್ಯುಯಾನ್, ಡೊಂಕಿನದು ಕಡಿಮೆ ಶಕ್ತಿಯ ಎಲೆಕ್ಟ್ರಾನ್ ಎಂದು ಹೇಳುತ್ತೇನೆ. 1932ರಲ್ಲಿ ಭೌತವಿಜ್ಞಾನಿ ಆಂಡರ್ಸನ್ ಪಾಸಿಟ್ರಾನ್ (ಧನ ಆವೇಶದ ಎಲೆಕ್ಟ್ರಾನ್) ಕಂಡುಹಿಡಿದದ್ದೂ ಕ್ಲೌಡ್ ಚೇಂಬರ್‌ನ ಒಂದು ಗೆರೆ ಯಾವ ಕಡೆ ಬಾಗಿದೆ ಎಂದು ನೋಡಿಯೇ.

ಮ್ಯುಯಾನ್‌ನ ಸರಾಸರಿ ಆಯುಸ್ಸು 2.2 ಮೈಕ್ರೊಸೆಕೆಂಡ್. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಸಾಗುವುದು 660 ಮೀಟರ್ ಅಷ್ಟೇ. ಅದು ಹುಟ್ಟುವುದೋ ವಾತಾವರಣದಲ್ಲಿ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ. ಹಾಗಾದರೆ ಇಲ್ಲಿಗೆ ಬಂದದ್ದು ಹೇಗೆ? ಈ ಲೆಕ್ಕವನ್ನು ಮಕ್ಕಳಿಂದಲೇ ಮಾಡಿಸಿ ಬಿಟ್ಟುಬಿಡುತ್ತೇನೆ. ಅವರು ಜಗಳವಾಡಬೇಕು. ಸಾಪೇಕ್ಷತೆಯ ಕಾಲ ಹಿಗ್ಗುವಿಕೆ (ಅತಿವೇಗವಾಗಿ ಓಡುವ ಕಣದ ಗಡಿಯಾರ ನಮಗೆ ನಿಧಾನವಾಗಿ ಕಾಣುವುದು) ಆ ಜಗಳಕ್ಕೆ ಉತ್ತರವಾಗಿ ಬಂದಾಗ ಮನಸ್ಸಿನಲ್ಲಿ ನಿಲ್ಲುತ್ತದೆ.

ಶಿಕ್ಷಕರು ಕೇಳುವುದು ಬೇರೆ: "ಪಠ್ಯಕ್ಕೂ ಇದಕ್ಕೂ ಏನು ಸಂಬಂಧ?" ನ್ಯಾಯವಾದ ಪ್ರಶ್ನೆ. ಕಾಂತಕ್ಷೇತ್ರದಲ್ಲಿ ಆವೇಶವುಳ್ಳ ಕಣ ವೃತ್ತಾಕಾರವಾಗಿ ಚಲಿಸುವುದು ಅವರು ಪಾಠ ಮಾಡುವ ವಿಷಯವೇ. ಜಿನೀವಾ ಬಳಿಯ ಕಣಭೌತಶಾಸ್ತ್ರ ಪ್ರಯೋಗಾಲಯ ಸರ್ನ್‌ನಲ್ಲಿ, ಕಣಗಳ ಡಿಕ್ಕಿಯಿಂದ ಹೊರಡುವುದನ್ನು ದಾಖಲಿಸುವ ಸಿಎಮ್‌ಎಸ್ ಪ್ರಯೋಗದಲ್ಲಿ ಕಾಂತಕ್ಷೇತ್ರ 3.8 ಟೆಸ್ಲಾ. ಮೀಟರಿನಲ್ಲಿ ತ್ರಿಜ್ಯ, ಟೆಸ್ಲಾದಲ್ಲಿ ಕ್ಷೇತ್ರ, ಈ ಎರಡರ ಗುಣಲಬ್ಧವನ್ನು 0.3ರಿಂದ ಗುಣಿಸಿದರೆ ಕಣಭೌತಶಾಸ್ತ್ರದ ಮಾನವಾದ ಜಿಇವಿ ಲೆಕ್ಕದಲ್ಲಿ ಸಂವೇಗ ಸಿಗುತ್ತದೆ. ತ್ರಿಜ್ಯ 10 ಮೀಟರ್ ಆದರೆ ಸಂವೇಗ ಸುಮಾರು 11. ಇದನ್ನು ಬೋರ್ಡ್ ಮೇಲೆ ಬರೆದ ಕೂಡಲೇ ಶಿಕ್ಷಕರ ಪೆನ್ನು ಓಡತೊಡಗುತ್ತದೆ.

ಮುಂದಿನದು ಸರ್ನ್ ಎಲ್ಲರಿಗೂ ತೆರೆದಿಟ್ಟಿರುವ ದತ್ತಾಂಶ. ಎರಡು ಮ್ಯುಯಾನ್ ಹೊರಟ ಘಟನೆಗಳನ್ನು ಮುದ್ರಿಸಿ ಜೋಡಿ ಜೋಡಿ ಮಕ್ಕಳಿಗೆ ಹಂಚುತ್ತೇನೆ. ಕಂಪ್ಯೂಟರ್ ಬೇಡ, ಕ್ಯಾಲ್ಕುಲೇಟರ್ ಸಾಕು: ಎರಡೂ ಸಂವೇಗಗಳ ಗುಣಲಬ್ಧದ ಎರಡರಷ್ಟನ್ನು, ಒಂದರಿಂದ ನಡುವಿನ ಕೋನದ ಕೋಸೈನ್ ಕಳೆದದ್ದರಿಂದ ಗುಣಿಸಿ, ವರ್ಗಮೂಲ ತೆಗೆದರೆ ಆ ಎರಡೂ ಯಾವುದರಿಂದ ಹುಟ್ಟಿರಬಹುದೋ ಅದರ ದ್ರವ್ಯರಾಶಿ, ಅದೂ ಜಿಇವಿ ಲೆಕ್ಕದಲ್ಲೇ. ಸಿಕ್ಕ ಸಂಖ್ಯೆಗೆ ಬೋರ್ಡ್ ಮೇಲಿನ ದೊಡ್ಡ ಗ್ರಾಫ್‌ನಲ್ಲಿ ಒಂದು ಚೌಕ ತುಂಬಬೇಕು.

ಒಬ್ಬಳಿಗೆ 74 ಬಂದಿತ್ತು, ಉಳಿದವರದು 90ರ ಆಚೀಚೆ. "ಮೇಡಂ, ನಂದು ತಪ್ಪಾ? ಅಳಿಸ್ಲಾ?" ಅಳಿಸಬೇಡ ಎಂದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಎರಡು ಮ್ಯುಯಾನ್‌ಗಳು ಬೇರೆ ದಾರಿಯಲ್ಲೂ ಹುಟ್ಟುತ್ತವೆ, ಒಂದೊಂದು ಘಟನೆ ನೋಡಿ ಯಾವುದು ಯಾವುದರಿಂದ ಬಂತೆಂದು ಖಚಿತವಾಗಿ ಹೇಳಲಾಗದು. ತರಗತಿಯವರ ಚೌಕಗಳೆಲ್ಲ ಸೇರಿದ ಮೇಲೆ 91ರ ಹತ್ತಿರ ದಿಬ್ಬ ಎದ್ದಿತು, ಅವಳ ಚೌಕ ಅದರ ಎಡಕ್ಕೆ ಒಂಟಿಯಾಗಿ ಉಳಿಯಿತು. ಆ ದಿಬ್ಬ ಝೆಡ್ ಬೋಸಾನ್, ಹುಟ್ಟಿದ ಕೂಡಲೇ ಒಡೆಯುವ ಭಾರದ ಕಣ. ಒಳ್ಳೆಯ ಅಂಕ ಬರುವಂತೆ ಉತ್ತರ ತಿದ್ದುವ ಅಭ್ಯಾಸವಿರುವ ಮಕ್ಕಳಿಗೆ, ಬಂದದ್ದನ್ನು ಬಂದ ಹಾಗೇ ಬಿಡುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಕೋಷ್ಟಕ ತೆಗೆಯುವುದು ಆಮೇಲೆ. ಅದರಲ್ಲಿ ಮ್ಯುಯಾನ್ ಎಲ್ಲಿದೆ, ಝೆಡ್ ಎಲ್ಲಿದೆ ಎಂದು ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ. ಖಾಲಿ ಸಮಯ ಉಳಿದರೆ ಕಡಿಮೆ ದ್ರವ್ಯರಾಶಿಯ ಘಟನೆಗಳ ಇನ್ನೊಂದು ಕಟ್ಟು ಕೊಡುತ್ತೇನೆ. ಸೂತ್ರ ಅದೇ, ದಿಬ್ಬ ಏಳುವುದು ಮಾತ್ರ 3.1ರಲ್ಲಿ, ಅದು ಬೇರೊಂದು ಕಣದ್ದು.