ಎರರ್ ನಾಣ್ಯ: ಕಚ್ಚು ನೋಡಬೇಡಿ, ಅದರ ಎದುರು ನೋಡಿ

ಇಪ್ಪತ್ತು ವರ್ಷ ನಾನು ಬಸ್ ಕಂಡಕ್ಟರ್ ಆಗಿದ್ದೆ. ರಾತ್ರಿ ಡಿಪೋದಲ್ಲಿ ಕ್ಯಾಶ್ ಕಟ್ಟುವ ಮುಂಚೆ ಚಿಲ್ಲರೆ ಎಣಿಸುವಾಗ ಟಂಕಸಾಲೆಯಲ್ಲೇ ತಪ್ಪಾಗಿ ಅಚ್ಚಾದ ವಿಚಿತ್ರ ನಾಣ್ಯ, ಅಂದರೆ ಎರರ್ ನಾಣ್ಯ ಕಂಡರೆ, ನನ್ನ ಜೇಬಿನಿಂದ ಅಷ್ಟೇ ದುಡ್ಡು ಹಾಕಿ ಅದನ್ನು ತೆಗೆದಿಟ್ಟುಕೊಳ್ಳುತ್ತಿದ್ದೆ. ಹುಚ್ಚು ಹಿಡಿದಿದ್ದು ಹಾಗೆ. ಆಮೇಲೆ ನಾಣ್ಯ ಪ್ರದರ್ಶನಗಳಿಗೆ ಹೋಗಿ ದುಡ್ಡು ಕೊಟ್ಟು ಕೊಳ್ಳುವುದೂ ಶುರುವಾಯಿತು.

ಹಾಗೆ ಮೊದಲ ಸಲ ಕೊಂಡಿದ್ದು ಒಂದು ರೂಪಾಯಿಯ ಸ್ಟೀಲ್ ನಾಣ್ಯ. ಬಿಸ್ಕತ್ತನ್ನು ಕಚ್ಚಿದ ಹಾಗೆ ಒಂದು ಕಡೆ ಅರ್ಧಚಂದ್ರದ ಆಕಾರದಲ್ಲಿ ತುಂಡಾಗಿತ್ತು. ಎಂಟುನೂರು ರೂಪಾಯಿ ಕೊಟ್ಟೆ. ಹಳೆಯ ಸಂಗ್ರಾಹಕರೊಬ್ಬರಿಗೆ ತೋರಿಸಿದೆ. ಅವರು ಆ ಕಚ್ಚಿನ ಕಡೆ ನೋಡಲೇ ಇಲ್ಲ. ನಾಣ್ಯ ತಿರುಗಿಸಿ, ಅದರ ನೇರ ಎದುರಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರು. "ಅಂಚು ಇಲ್ಲಿ ಸ್ಪಷ್ಟವಾಗಿ ಎದ್ದು ನಿಂತಿದೆ ಕಣಪ್ಪ, ಅದಕ್ಕೇ ಇದು ಟಂಕಸಾಲೆಯ ತಪ್ಪಲ್ಲ, ಅರದ ಕೆಲಸ" ಎಂದರು.

ಅದು ಅರ್ಥವಾಗಲು ನನಗೆ ಸ್ವಲ್ಪ ದಿನ ಹಿಡಿಯಿತು. ಟಂಕಸಾಲೆಯಲ್ಲಿ ಲೋಹದ ಪಟ್ಟಿಯಿಂದ ದುಂಡನೆಯ ಬಿಲ್ಲೆ ಕತ್ತರಿಸುತ್ತಾರೆ. ಪಟ್ಟಿ ಸರಿಯಾಗಿ ಮುಂದೆ ಸರಿಯದಿದ್ದರೆ, ಆಗಲೇ ಕತ್ತರಿಸಿದ ತೂತಿನ ಮೇಲೆ ಮತ್ತೆ ಪಂಚ್ ಬೀಳುತ್ತದೆ. ಆಗ ಬಿಲ್ಲೆಯಲ್ಲಿ ಒಂದು ಭಾಗವೇ ಇರುವುದಿಲ್ಲ, ಇದನ್ನೇ ಕ್ಲಿಪ್ ಎನ್ನುತ್ತಾರೆ. ಮುಂದಿನ ಯಂತ್ರ ಬಿಲ್ಲೆಯನ್ನು ಎರಡು ಕಡೆಯಿಂದ ಒತ್ತಿ, ಉರುಳಿಸುತ್ತಾ ಅಂಚನ್ನು ಎಬ್ಬಿಸುತ್ತದೆ. ಒಂದು ಕಡೆ ಲೋಹವೇ ಇಲ್ಲದಿದ್ದರೆ ಎದುರು ಕಡೆಗೂ ಒತ್ತಡ ಸಿಗುವುದಿಲ್ಲ, ಅಲ್ವಾ? ಹಾಗಾಗಿ ನಿಜವಾದ ಕ್ಲಿಪ್ ನಾಣ್ಯದಲ್ಲಿ ಸಾಮಾನ್ಯವಾಗಿ ಕಚ್ಚಿನ ನೇರ ಎದುರಿಗೆ ಅಂಚು ಮಸುಕಾಗಿರುತ್ತದೆ. ಕಚ್ಚಿನ ಪಕ್ಕದ ಅಕ್ಷರಗಳೂ ಆ ಕಡೆಗೆ ಸ್ವಲ್ಪ ಎಳೆದ ಹಾಗೆ ಇರುತ್ತವೆ. ಅಚ್ಚು ಬಿದ್ದಾಗ ಲೋಹ ಖಾಲಿ ಜಾಗದ ಕಡೆಗೆ ಸರಿಯುವುದೇ ಇದಕ್ಕೆ ಕಾರಣ. ಅರ ಹಾಕಿದ ನಾಣ್ಯದಲ್ಲಿ ಅಕ್ಷರ ಚಾಕುವಿನಲ್ಲಿ ಕೊಯ್ದ ಹಾಗೆ ಅರ್ಧಕ್ಕೆ ನಿಂತಿರುತ್ತದೆ. ತೂಕ ನೋಡಿದರೆ ಏನೂ ಗೊತ್ತಾಗುವುದಿಲ್ಲ, 4.85 ಗ್ರಾಂ ಇರಬೇಕಾದದ್ದು ಎರಡರಲ್ಲೂ ಕಡಿಮೆಯೇ ಬರುತ್ತದೆ.

ಅಂದಿನಿಂದ ಯಾವ ನಾಣ್ಯ ಕೈಗೆ ಬಂದರೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ದೋಷ ಯಂತ್ರದಲ್ಲಿ ಯಾವ ಹಂತದಲ್ಲಿ ಆಗಿರಬಹುದು? ಆ ಹಂತದಲ್ಲಿ ಆಗಿದ್ದರೆ ನಾಣ್ಯದ ಮೇಲೆ ಬೇರೆ ಎಲ್ಲಿ ಅದರ ಗುರುತು ಉಳಿಯಬೇಕು?

ಲಾಖಿ ನಾಣ್ಯಗಳಲ್ಲಿ ಇದು ಬಹಳ ಕೆಲಸಕ್ಕೆ ಬರುತ್ತದೆ. ಒಂದು ನಾಣ್ಯ '1' ಮತ್ತು ತೆನೆ ಇರುವ ಅಚ್ಚಿಗೇ ಅಂಟಿಕೊಂಡು ಉಳಿದರೆ, ಮುಂದಿನ ಬಿಲ್ಲೆಯ ಒಂದು ಮುಖಕ್ಕೆ ಅಚ್ಚಿನ ಬದಲು ಆ ನಾಣ್ಯವೇ ಒತ್ತುತ್ತದೆ. ಆಗ ಒಂದು ಕಡೆ ಸಿಂಹ ಉಬ್ಬಿಕೊಂಡು ಸರಿಯಾಗಿರುತ್ತದೆ, ಇನ್ನೊಂದು ಕಡೆ ಅದೇ ಸಿಂಹ ತಿರುಗುಮುರುಗಾಗಿ ಒಳಗೆ ತಗ್ಗಿರುತ್ತದೆ. ಅಲ್ಲಿ '1' ಆಗಲಿ ತೆನೆಯಾಗಲಿ ಇರುವಂತಿಲ್ಲ, ಆ ಅಚ್ಚು ಬಿಲ್ಲೆಯನ್ನು ಮುಟ್ಟಿಯೇ ಇಲ್ಲವಲ್ಲ. ನಕಲಿ ಮಾಡುವವರು ಎರಡು ನಾಣ್ಯ ಜೋಡಿಸಿ ವೈಸ್‌ನಲ್ಲಿ ಬಿಗಿಯುತ್ತಾರೆ. ತಗ್ಗಿದ ಸಿಂಹವೇನೋ ಮೂಡುತ್ತದೆ. ಆದರೆ ಓರೆ ಬೆಳಕಿನಲ್ಲಿ ಹಿಡಿದರೆ ಅದರ ಅಡಿಯಲ್ಲಿ ಚಪ್ಪಟೆಯಾದ '1' ಕಾಣುತ್ತದೆ. ನನ್ನ ಹತ್ತಿರ ಅಂಥದ್ದೊಂದಿದೆ. ತೆನೆಯ ಕಾಳುಗಳು ಸಿಂಹದ ಜೂಲಿನೊಳಗೆ ಚುಕ್ಕಿ ಚುಕ್ಕಿಯಾಗಿ ಉಳಿದಿವೆ. ನಾಣ್ಯದ ಹಿಂಬದಿಯೂ ವೈಸಿನ ದವಡೆಗೆ ಸಿಕ್ಕಿ ನುಣ್ಣಗಾಗಿದೆ.

ರೈಲು ಹಳಿಯ ಮೇಲೆ ಇಟ್ಟ ನಾಣ್ಯವನ್ನು 'ಕಾಲರ್ ಇಲ್ಲದೆ ಅಚ್ಚಾದದ್ದು' ಎಂದು ಮಾರುವವರಿದ್ದಾರೆ. ಕಾಲರ್ ಅಂದರೆ ಅಚ್ಚು ಬೀಳುವಾಗ ಬಿಲ್ಲೆ ಹರಡದಂತೆ ಸುತ್ತ ಹಿಡಿಯುವ ಉಂಗುರ. ಎರಡೂ ಅಗಲವಾಗಿರುತ್ತವೆ ನಿಜ. ಹಳಿಯದ್ದರಲ್ಲಿ ಚಿತ್ರ ಒಂದೇ ದಿಕ್ಕಿಗೆ ಒರೆಸಿದಂತಿರುತ್ತದೆ. ಅಸಲಿಯದ್ದು ಸುತ್ತಲೂ ಹರಡಿದ್ದರೂ ನಡುವಿನ ಚಿತ್ರ ಸ್ಪಷ್ಟವಾಗಿರುತ್ತದೆ. ಐದು ರೂಪಾಯಿಯ ಹಳೆಯ ದಪ್ಪ ನಾಣ್ಯದಲ್ಲಿ ಪಕ್ಕದ ಗೀರು, ತೋಡು ಏನೂ ಇಲ್ಲದಿದ್ದರೆ ಮೊದಲು ವರ್ನಿಯರ್ ಕ್ಯಾಲಿಪರ್ ಹಿಡಿಯುತ್ತೇನೆ. 23 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಯಾರೋ ಉಜ್ಜಿದ್ದಾರೆ ಎಂದೇ ಲೆಕ್ಕ.

ನಿಜವಾದ ಕ್ಲಿಪ್ ನಾಣ್ಯ ನನಗೆ ಕೊನೆಗೆ ಸಿಕ್ಕಿದ್ದು ನನ್ನ ಚೀಲದಲ್ಲೇ. ಕಾಸು ಎಣಿಸುವಾಗ ಬೆರಳಿಗೆ ತಗ್ಗು ತಾಗಿತು. ತಕ್ಷಣ ತಿರುಗಿಸಿದೆ. ಎದುರಿನ ಅಂಚು ಸೋಪು ಕರಗಿದ ಹಾಗೆ ಮಾಯವಾಗುತ್ತಾ ಹೋಗಿತ್ತು. ಆ ರಾತ್ರಿಯ ಸಂತೋಷ ಹೇಳತೀರದು. ಒಂದು ರೂಪಾಯಿ ಕ್ಯಾಶಿಗೆ ಸೇರಿಸಿ ಅದನ್ನು ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದೆ.

ಮೊನ್ನೆ ನಮ್ಮ ಬೀದಿಯ ಹುಡುಗನೊಬ್ಬ ಹಳದಿ ಬಣ್ಣದ ಒಂದು ರೂಪಾಯಿ ತಂದಿದ್ದ. ತಪ್ಪು ಲೋಹದಲ್ಲಿ ಅಚ್ಚಾಗಿದೆ, ಲಕ್ಷಗಟ್ಟಲೆ ಬರುತ್ತದೆ ಎಂದು ಯಾವುದೋ ವಿಡಿಯೋದಲ್ಲಿ ನೋಡಿದ್ದನಂತೆ. ಇಂಥ ವಿಡಿಯೋ ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ, ಎಷ್ಟು ಜನ ಆಸೆ ಇಟ್ಟುಕೊಂಡು ಅಲೆಯುತ್ತಾರೆ. ಮ್ಯಾಗ್ನೆಟ್ ಹಿಡಿದೆ. ಟಕ್ಕನೆ ಅಂಟಿತು. ಹಿತ್ತಾಳೆಯಂಥ ಲೋಹವಾಗಿದ್ದರೆ ಅಂಟುತ್ತಿರಲಿಲ್ಲ. "ನಿಮ್ಮ ಕಡೆ ಯಾರಾದರೂ ಪ್ಲೇಟಿಂಗ್ ಕೆಲಸ ಮಾಡ್ತಾರಾ ಮಗಾ?" ಎಂದು ಕೇಳಿದೆ. "ನಮ್ಮ ಮಾವ ಮಾಡ್ತಾರೆ ಅಂಕಲ್" ಎಂದ. ನಾಣ್ಯವನ್ನು ಅವನ ಕೈಗೇ ಕೊಟ್ಟು, ಅಂಚನ್ನು ಕಲ್ಲಿಗೆ ಒಂದು ಸಲ ಉಜ್ಜಲು ಹೇಳಿದೆ. ಹಳದಿ ಹೋಗಿ ಒಳಗಿನ ಬಿಳಿ ಸ್ಟೀಲ್ ಕಂಡಿತು. ಭೂತಗನ್ನಡಿ ಇಸಿದುಕೊಂಡು ಅದನ್ನೇ ತುಂಬಾ ಹೊತ್ತು ನೋಡುತ್ತಾ ಕೂತ. ಆಮೇಲೆ ನನ್ನ ಡಬ್ಬಿಯ ಉಳಿದ ನಾಣ್ಯಗಳನ್ನೂ ತೋರಿಸಿ ಎಂದ.