ಹಳೇ ಕಂಪನಿಯಿಂದ ಫಾರ್ಮ್ 16 ಬಾರದಿದ್ದಾಗ ನಾನು ಮಾಡುವುದು

ಬಿಟ್ಟುಬಂದ ಕಂಪನಿ 2025-26ರ ಫಾರ್ಮ್ 16 (ಸಂಬಳ ಮತ್ತು ಅದರಲ್ಲಿ ಮುರಿದುಕೊಂಡ ತೆರಿಗೆ, ಅಂದರೆ ಟಿಡಿಎಸ್‌ನ ಪ್ರಮಾಣಪತ್ರ) ಕಳಿಸಿಲ್ಲ ಅಂದರೆ ಹೆಚ್ಚಿನವರು ಮೊದಲು ಎಚ್‌ಆರ್‌ಗೆ ಮೇಲ್ ಹಾಕುತ್ತಾರೆ. ನಾನು ಮೊದಲು ತೆಗೆಯುವುದು ಫಾರ್ಮ್ 26ಎಎಸ್. ಸಂಬಳದಲ್ಲಿ ಮುರಿದುಕೊಂಡ ತೆರಿಗೆ ಸರ್ಕಾರಕ್ಕೆ ಹೋಗಿದೆಯೇ, ಹೋಗಿದ್ದರೆ ನಮ್ಮ ಪ್ಯಾನ್‌ಗೇ ಜಮೆಯಾಗಿದೆಯೇ ಅನ್ನುವುದು ಅಲ್ಲಿ ಕಾಣುತ್ತದೆ. ಕಂಪನಿಯನ್ನು ಏನು ಕೇಳಬೇಕು ಅನ್ನುವುದು ಅದನ್ನು ನೋಡಿದ ಮೇಲಷ್ಟೇ ತೀರ್ಮಾನ.

ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನಲ್ಲಿ ಇ-ಫೈಲ್ ಮೆನುವಿನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಅಡಿಯಲ್ಲಿ ವ್ಯೂ ಫಾರ್ಮ್ 26ಎಎಸ್ ಒತ್ತಿದರೆ ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ತಾಣ ಟ್ರೇಸಸ್ ತೆರೆಯುತ್ತದೆ. ಅಲ್ಲಿ ಕೇಳುವುದು ಅಸೆಸ್‌ಮೆಂಟ್ ವರ್ಷ, ಅಂದರೆ ಸಂಬಳ ಪಡೆದ ಹಣಕಾಸು ವರ್ಷದ ಮುಂದಿನ ವರ್ಷ. 2025-26ರ ಸಂಬಳ ಬೇಕಿದ್ದರೆ 2026-27 ಆರಿಸಬೇಕು. ಇಲ್ಲಿ ಎಡವಿ ‘ನನ್ನದು ಖಾಲಿ ಇದೆ’ ಎಂದು ಗಾಬರಿಯಾಗುವವರು ಬಹಳ. ಹಳೇ ಕಂಪನಿಯ ಹೆಸರು ಮತ್ತು ಟ್ಯಾನ್ (ತೆರಿಗೆ ಮುರಿದುಕೊಳ್ಳುವ ಕಂಪನಿಯ ಗುರುತು ಸಂಖ್ಯೆ) ಕೆಳಗೆ ಸೆಕ್ಷನ್ 192ರ, ಅಂದರೆ ಸಂಬಳದ ಕಡಿತದ ಸಾಲುಗಳಿರುತ್ತವೆ. ಅವುಗಳ ಸ್ಟೇಟಸ್ ಕಾಲಂನಲ್ಲಿ ಎಫ್ ಇದ್ದರೆ ಹಣ ತಾಳೆಯಾಗಿದೆ. ಯು ಇದ್ದರೆ ಕಂಪನಿ ತೋರಿಸಿದ ಚಲನ್ ಬ್ಯಾಂಕಿನ ಲೆಕ್ಕಕ್ಕೆ ಹೊಂದಿಲ್ಲ. ಜನವರಿ–ಮಾರ್ಚ್‌ನ ಕಡಿತ ಏಪ್ರಿಲ್‌ನಲ್ಲೇ ಕಾಣದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಆ ತ್ರೈಮಾಸಿಕದ 24ಕ್ಯೂ (ಸಂಬಳದ ಟಿಡಿಎಸ್ ವಿವರ ಪಟ್ಟಿ) ಸಲ್ಲಿಸಲು ಕಂಪನಿಗೆ ಮೇ 31ರವರೆಗೆ, ಫಾರ್ಮ್ 16 ಕೊಡಲು ಜೂನ್ 15ರವರೆಗೆ ಕಾಲಾವಕಾಶವಿದೆ. ಅದಕ್ಕೂ ಮೊದಲು ಬೆನ್ನು ಹತ್ತಿ ಲಾಭವಿಲ್ಲ.

26ಎಎಸ್‌ನಲ್ಲಿ ಎಲ್ಲ ಸರಿಯಿದ್ದೂ ಫಾರ್ಮ್ ಬಂದಿಲ್ಲವಾದರೆ, ಬಹುತೇಕ ಅದು ನೀವು ಬಿಟ್ಟ ದಿನವೇ ಮುಚ್ಚಿದ ಆಫೀಸ್ ಇಮೇಲ್‌ಗೆ ಹೋಗಿರುತ್ತದೆ, ಇಲ್ಲವೇ ಲಾಗಿನ್ ಇಲ್ಲದ ಪೇರೋಲ್ ಪೋರ್ಟಲ್‌ನಲ್ಲಿ ಕುಳಿತಿರುತ್ತದೆ. ನೌಕರರೇ ಅದನ್ನು ಟ್ರೇಸಸ್‌ನಿಂದ ಇಳಿಸಿಕೊಳ್ಳಲು ಬರುವುದಿಲ್ಲ, ಕಂಪನಿಯ ಟ್ಯಾನ್ ಲಾಗಿನ್‌ನಿಂದಲೇ ಆಗಬೇಕು. ಹಾಗಾಗಿ ಮೇಲ್ ಓದಿದವರು ಮರುಪ್ರಶ್ನೆ ಕೇಳುವಂತಿರಬಾರದು. ಎಂಪ್ಲಾಯೀ ಐಡಿ, ಪ್ಯಾನ್, ಕೊನೆಯ ಕೆಲಸದ ದಿನ, ಹಣಕಾಸು ವರ್ಷ, ಕಂಪನಿಯ ಟ್ಯಾನ್, 26ಎಎಸ್‌ನಲ್ಲಿ ಕಂಡ ಒಟ್ಟು ಕಡಿತ, ಕಳಿಸಬೇಕಾದ ವೈಯಕ್ತಿಕ ಇಮೇಲ್ – ಇಷ್ಟನ್ನೂ ಒಂದೇ ಮೇಲ್‌ನಲ್ಲಿ ಬರೆಯುತ್ತೇನೆ. ಎಚ್‌ಆರ್ ಜೊತೆಗೆ ಫೈನಾನ್ಸ್ ವಿಭಾಗಕ್ಕೂ ಹಾಕುತ್ತೇನೆ. ಫಾರ್ಮ್ ತೆಗೆಯುವವರು ಅವರೇ. ‘ಪಾರ್ಟ್ ಎ (ಕಟ್ಟಿದ ಟಿಡಿಎಸ್ ವಿವರ) ಮತ್ತು ಪಾರ್ಟ್ ಬಿ (ಸಂಬಳ, ತೆರಿಗೆ ಲೆಕ್ಕ) ಎರಡೂ’ ಎಂದು ಬಿಡಿಸಿ ಬರೆಯದಿದ್ದರೆ ಎಕ್ಸೆಲ್‌ನಲ್ಲಿ ಮಾಡಿದ ಸಂಬಳದ ಪಟ್ಟಿಯನ್ನೇ ಫಾರ್ಮ್ 16 ಅಂತ ಕಳಿಸುವವರಿದ್ದಾರೆ. ಟ್ರೇಸಸ್ ಲೋಗೋ ಮತ್ತು ಸರ್ಟಿಫಿಕೇಟ್ ನಂಬರ್ ಇಲ್ಲದ ಪಾರ್ಟ್ ಎ ಲೆಕ್ಕಕ್ಕಿಲ್ಲ.

26ಎಎಸ್‌ನಲ್ಲಿ ಮೊತ್ತ ಕಡಿಮೆಯಿದ್ದರೆ ಅಥವಾ ಕಂಪನಿಯ ಹೆಸರೇ ಇಲ್ಲದಿದ್ದರೆ ಫಾರ್ಮ್ 16 ಕೇಳಿ ಉಪಯೋಗವಿಲ್ಲ, ಬಂದರೂ ಅದೇ ತಪ್ಪು ಅಂಕಿ ಬರುತ್ತದೆ. ಪೇಸ್ಲಿಪ್‌ನಲ್ಲಿ ಟಿಡಿಎಸ್ ಕಡಿತ ಇದೆಯೇ ನೋಡಿ. ಇದ್ದರೆ, 24ಕ್ಯೂನಲ್ಲಿ ಪ್ಯಾನ್‌ನ ಒಂದಕ್ಷರ ತಪ್ಪಾಗಿರಬಹುದು, ಇಲ್ಲವೇ ಹಣವನ್ನೇ ಕಟ್ಟಿರಲಿಕ್ಕಿಲ್ಲ. ಆಗ ಕೇಳಬೇಕಾದದ್ದು 24ಕ್ಯೂ ತಿದ್ದುಪಡಿ. ಪೇಸ್ಲಿಪ್ ಮತ್ತು ನಿವ್ವಳ ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ಈ ಎರಡು ಕಾಗದ ಮುಂದೆಯೂ ಬೇಕಾಗುತ್ತವೆ: ಕಂಪನಿ ಮುರಿದುಕೊಂಡು ಕಟ್ಟದೆ ಉಳಿಸಿಕೊಂಡ ತೆರಿಗೆಯನ್ನು ನೌಕರರಿಂದ ವಸೂಲಿ ಮಾಡುವಂತಿಲ್ಲ ಎನ್ನುತ್ತದೆ 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 205. ಆದರೂ ಕಂಪ್ಯೂಟರ್ ಡಿಮ್ಯಾಂಡ್ ನೋಟಿಸ್ ಹುಟ್ಟಿಸುತ್ತದೆ. ಅದಕ್ಕೆ ಉತ್ತರ ಕೊಡುವಾಗ ಮುರಿದುಕೊಂಡದ್ದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲಿರಬೇಕು.

ಟಿಡಿಎಸ್ ಸೊನ್ನೆಯಾಗಿದ್ದರೆ ಕಂಪನಿ ಫಾರ್ಮ್ 16 ಕೊಡಲೇಬೇಕೆಂದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ದುಬಾರಿ ಬೀಳುವುದು ಇದೇ. 2025-26ರಲ್ಲಿ ಅರ್ಧ ವರ್ಷ ಹಳೇ ಕಂಪನಿಯಲ್ಲಿ 8 ಲಕ್ಷ, ಉಳಿದರ್ಧ ಹೊಸದರಲ್ಲಿ 9 ಲಕ್ಷ ಸಂಬಳ ಅಂದುಕೊಳ್ಳಿ. ಬಿಡುವಾಗ ಹಳಬರು ತಮ್ಮ 8 ಲಕ್ಷಕ್ಕಷ್ಟೇ ಲೆಕ್ಕ ಹಾಕುತ್ತಾರೆ. ಹೊಸಬರಿಗೆ ಹಿಂದಿನ ಸಂಬಳವನ್ನು ಫಾರ್ಮ್ 12ಬಿಯಲ್ಲಿ ತಿಳಿಸದಿದ್ದರೆ ಅವರು 9 ಲಕ್ಷ ಮಾತ್ರ ನೋಡುತ್ತಾರೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದೊಳಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಎರಡೂ ಕಡೆ ತೆರಿಗೆ ಸೊನ್ನೆ. ಕೂಡಿಸಿದರೆ 17 ಲಕ್ಷ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಒಂದೇ ಸಲ ಕಳೆಯಬೇಕು, ಉಳಿಯುವುದು 16,25,000. ಅದಕ್ಕೆ ತೆರಿಗೆ 1,25,000, ಸೆಸ್ 5,000, ಒಟ್ಟು 1,30,000 ರೂಪಾಯಿ. ಏಪ್ರಿಲ್‌ನಿಂದ ತಿಂಗಳಿಗೆ ಶೇಕಡಾ 1ರಂತೆ ಸೆಕ್ಷನ್ 234ಬಿ ಬಡ್ಡಿ ಬೇರೆ ಓಡುತ್ತಿರುತ್ತದೆ, ಮುಂಗಡ ತೆರಿಗೆ ಕಂತು ತಪ್ಪಿದ್ದಕ್ಕೆ 234ಸಿ ಬಡ್ಡಿ ಇನ್ನೊಂದು ಕಡೆ. ಫಾರ್ಮ್ 16 ಬರಲಿ ಅಂತ ಜುಲೈ ಕೊನೆವರೆಗೆ ಕಾದರೆ ಕಳೆದುಕೊಳ್ಳುವುದು ಈ ಬಡ್ಡಿಯನ್ನು.

ಕಾಯದೆ ಲೆಕ್ಕ ಮಾಡಬಹುದು. ರಿಟರ್ನ್ಸ್ ಜೊತೆ ಫಾರ್ಮ್ 16 ಲಗತ್ತಿಸುವ ಪದ್ಧತಿಯೇ ಇಲ್ಲ, ಬೇಕಾದದ್ದು ಅದರೊಳಗಿನ ಅಂಕಿಗಳು. ತಿಂಗಳ ಪೇಸ್ಲಿಪ್‌ಗಳ ಗ್ರಾಸ್ ಕೂಡಿಸಿ, ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್ ಶೀಟ್ ಸೇರಿಸಿ. ಬಿಟ್ಟುಹೋಗುವುದು ಈ ಶೀಟೇ; ಬೋನಸ್, ರಜೆ ನಗದೀಕರಣ, ಗ್ರಾಚ್ಯುಟಿ ಎಲ್ಲ ಅದರಲ್ಲಿರುತ್ತವೆ. ಖಾಸಗಿ ನೌಕರರಿಗೆ ಕೆಲಸ ಬಿಡುವಾಗ ಸಿಗುವ ರಜೆ ನಗದೀಕರಣಕ್ಕೆ ಜೀವಮಾನದಲ್ಲಿ 25 ಲಕ್ಷದ ಮಿತಿಯೊಳಗೆ ವಿನಾಯಿತಿ ಇದೆ, ಆದರೆ ಸರಾಸರಿ ಸಂಬಳ ಮತ್ತು ಉಳಿದ ರಜೆಯ ಸೂತ್ರದಂತೆ. ಬ್ಯಾಂಕಿಗೆ ಬಂದ ನಿವ್ವಳ ಸಂಬಳವನ್ನು ಆದಾಯ ಅಂತ ಬರೆಯಬೇಡಿ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ, ಟಿಡಿಎಸ್ ಕಳೆಯುವ ಮೊದಲಿನ ಮೊತ್ತವೇ ಗ್ರಾಸ್. ವೃತ್ತಿ ತೆರಿಗೆ ಕಳೆಯಲು ಹಳೇ ಪದ್ಧತಿಯಲ್ಲಿ ಮಾತ್ರ ಅವಕಾಶ. ಕೊನೆಗೆ ಪೋರ್ಟಲ್‌ನ ಎಐಎಸ್ (ನಿಮ್ಮ ಆದಾಯದ ವಾರ್ಷಿಕ ಮಾಹಿತಿ ಪಟ್ಟಿ) ತೆರೆದು ಸಂಬಳದ ಸಾಲಿಗೆ ಹೋಲಿಸಿ. ಅದರ ಪಿಡಿಎಫ್ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್, ಅದಕ್ಕಂಟಿ ದಿನ-ತಿಂಗಳು-ವರ್ಷ ಕ್ರಮದ ಹುಟ್ಟಿದ ದಿನಾಂಕ. ಟಿಡಿಎಸ್ ಮೊತ್ತವನ್ನು ಮಾತ್ರ 26ಎಎಸ್‌ನಲ್ಲಿ ಇದ್ದಷ್ಟೇ ತುಂಬಿ. ಹೆಚ್ಚು ಕ್ಲೇಮ್ ಮಾಡಬೇಕಾಗಿ ಬಂದರೆ ಮೇಲಿನ ಸೆಕ್ಷನ್ 205ರ ಕಾಗದಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳಿ.

ಮೇಲ್‌ಗೆ ಜವಾಬಿಲ್ಲದಿದ್ದರೆ ಕಂಪನಿಯ ನೋಂದಾಯಿತ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಹಾಕುತ್ತೇನೆ. ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ (ಎಂಸಿಎ) ಪೋರ್ಟಲ್‌ನ ಮಾಸ್ಟರ್ ಡೇಟಾದಲ್ಲಿ ಆ ವಿಳಾಸ ಸಿಗುತ್ತದೆ. ಪತ್ರದಲ್ಲಿ ಎರಡು ಸಾಲು ಸಾಕು: ಸೆಕ್ಷನ್ 203ರಂತೆ ಪ್ರಮಾಣಪತ್ರ ಕೊಡಬೇಕು, ತಡವಾದರೆ 272ಎ(2)(ಜಿ) ಪ್ರಕಾರ ದಿನಕ್ಕೆ 500 ರೂಪಾಯಿ ದಂಡ, ಹೆಚ್ಚೆಂದರೆ ಮುರಿದುಕೊಂಡ ತೆರಿಗೆಯಷ್ಟು. ಜಗಳದ ಮಾತು ಬೇಡ, ಓದುವವರು ಹೆಚ್ಚಾಗಿ ಅಕೌಂಟ್ಸ್‌ನ ಗುಮಾಸ್ತರು. ಅದಕ್ಕೂ ಜಗ್ಗದಿದ್ದರೆ ಆ ಟ್ಯಾನ್‌ನ ಟಿಡಿಎಸ್ ಅಧಿಕಾರಿಗೆ ಪತ್ರದ ಪ್ರತಿಯೊಂದಿಗೆ ದೂರು. ಯಾವ ಅಧಿಕಾರಿ ಅನ್ನುವುದು ಇನ್‌ಕಮ್ ಟ್ಯಾಕ್ಸ್ ಪೋರ್ಟಲ್‌ನ ‘Know TAN Details’ನಲ್ಲಿ ಸಿಗುತ್ತದೆ. ಕಂಪನಿ ಲಿಕ್ವಿಡೇಶನ್‌ನಲ್ಲಿದ್ದರೆ, ಅಂದರೆ ಆಸ್ತಿ ಮಾರಿ ಮುಚ್ಚುವ ಹಂತದಲ್ಲಿದ್ದರೆ, ದಾಖಲೆಗಳು ಲಿಕ್ವಿಡೇಟರ್ ವಶದಲ್ಲಿರುತ್ತವೆ, ಪತ್ರ ಅವರಿಗೇ ಹೋಗಬೇಕು.

ರಿಟರ್ನ್ಸ್ ಸಲ್ಲಿಸಿದ ಮೇಲೂ ಕೇಳುವುದನ್ನು ನಿಲ್ಲಿಸಬೇಡಿ, ಮನೆ ಸಾಲಕ್ಕೆ ಬ್ಯಾಂಕಿನವರು ಫಾರ್ಮ್ 16 ಕೇಳುತ್ತಾರೆ. ತಡವಾಗಿ ಬಂದ ಫಾರ್ಮ್‌ನ ಅಂಕಿ ನಿಮ್ಮ ಲೆಕ್ಕಕ್ಕಿಂತ ಬೇರೆಯಿದ್ದು, ಅದೇ ಸರಿ ಅನ್ನಿಸಿದರೆ ಡಿಸೆಂಬರ್ 31ರೊಳಗೆ ರಿವೈಸ್ಡ್ ರಿಟರ್ನ್ಸ್ ಹಾಕಿ.